ಕಲ್ಲು ನೋಡುವವರ ಒಂದು ವರ್ಷ

ಸುತ್ತಿಗೆ, ಭೂತಗನ್ನಡಿ ಹಿಡಿದು ಊರೂರು ತಿರುಗುವವರಿಗೆ ಒಂದಲ್ಲ ಒಂದು ತಮಾಷೆ ಆಗುತ್ತಲೇ ಇರುತ್ತದೆ. ಮಹಾರಾಜರ ಕಾಲದಲ್ಲಿ ನಾನು ಯೂನಿವರ್ಸಿಟಿಯ ಜಿಯಾಲಜಿ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ವಿಭಾಗವೆಂದರೆ ಪ್ರೊಫೆಸರು, ನಾನು, ಬೆರಳೆಣಿಕೆಯಷ್ಟು ವಿದ್ಯಾರ್ಥಿಗಳು, ಮಿಕ್ಕದ್ದೆಲ್ಲ ಕಲ್ಲು. ನಾನು ಸೇರಿದ ಮೊದಲ ವರ್ಷ ನಡೆದದ್ದನ್ನು ಹೇಳುತ್ತೇನೆ.

ಭರ್ತಿ

ಜೂನ್ ತಿಂಗಳಲ್ಲಿ ಪಿರಿಯಾಪಟ್ಟಣದ ಕಡೆಯ ರೈತರೊಬ್ಬರು ಮಗನನ್ನು ಸೇರಿಸಲು ಬಂದರು. ಹುಡುಗ ತಾನಾಗಿಯೇ ನಮ್ಮ ವಿಷಯ ಆರಿಸಿಕೊಂಡಿದ್ದ. ಅಂಥವರು ಸಿಗುವುದೇ ಅಪರೂಪ. ಪ್ರೊಫೆಸರು ಎದ್ದು ತಾವೇ ಕುರ್ಚಿ ಎಳೆದುಕೊಟ್ಟರು. ಇಲ್ಲಿ ಏನು ಹೇಳಿಕೊಡುತ್ತೀರಿ ಎಂದು ತಂದೆ ಕೇಳಿದರು. ಪ್ರೊಫೆಸರು ಬೀರುವಿನಿಂದ ಒಂದು ಕಲ್ಲು ತೆಗೆದು ಅವರ ಕೈಗಿಟ್ಟು, ಇದು ಕೋಟ್ಯಂತರ ವರ್ಷ ಹಳೆಯದು, ಇದು ಹೇಗೆ ಹುಟ್ಟಿತು ಎಂಬುದನ್ನೆಲ್ಲ ನಿಮ್ಮ ಮಗ ಓದುತ್ತಾನೆ ಎಂದರು. ರೈತರು ಕಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೆಲ್ಲಗೆ ಮೇಜಿನ ಮೇಲಿಟ್ಟರು.

"ಕೋಟಿ ವರ್ಸದಿಂದ ಅದೆ ಅಂದ್ಮೇಲೆ ಇನ್ನೊಂದು ವರ್ಸಕ್ಕೆ ಎಲ್ಲೂ ಓಗಾಕಿಲ್ಲ ಬುಡಿ ಬುದ್ಧಿ. ಈ ಸಲ ಗೇಯಾಕೆ ಆಳಿಲ್ಲ. ಮುಂದ್ಲ ವರ್ಸ ಕರ್ಕಂಡ್ ಬತ್ತೀನಿ."

ಮಗನನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು.

ಸಾಹೇಬರ ಬಾವಿ

ದಸರಾ ಹತ್ತಿರ ಬಂದಿತ್ತು. ಹುಣಸೂರಿನಿಂದ ಮರದ ವ್ಯಾಪಾರಿ ಸಾಹೇಬರೊಬ್ಬರು ಬಂದು, ಬಾಗಿಲು ಹಾಕಿಸಿ, ಕರವಸ್ತ್ರ ಬಿಚ್ಚಿದರು. ಒಳಗೆ ಹಳದಿಯಾಗಿ ಮಿನುಗುವ ಒಂದು ತುಂಡು. ಹಿತ್ತಲಲ್ಲಿ ಬಾವಿ ತೋಡಿಸುವಾಗ ಸಿಕ್ಕಿತಂತೆ. ಪ್ರೊಫೆಸರು ಭೂತಗನ್ನಡಿ ಹಿಡಿದು ನೋಡಿದರು, ಗೀಚಿ ನೋಡಿದರು. ಕೊನೆಗೆ, ಇದು ಚಿನ್ನವಲ್ಲ, ಕಬ್ಬಿಣ ಗಂಧಕ ಸೇರಿ ಆದದ್ದು ಎಂದು ಆದಷ್ಟು ಮೃದುವಾಗಿ ಹೇಳಿದರು. ಪಾಪ, ಬಸ್ಸಿನಲ್ಲಿ ಕನಸು ಕಟ್ಟಿಕೊಂಡು ಬಂದವರು, ಈಗ ಕುಸಿದುಬಿಡುತ್ತಾರೆ ಎಂದು ನಾನು ನೀರು ತಂದೆ. ಸಾಹೇಬರು ನೀರು ಕುಡಿದು, ಅದನ್ನು ಮತ್ತೆ ಜೋಪಾನವಾಗಿ ಗಂಟು ಕಟ್ಟಿಕೊಂಡು, ಒಂದೇ ಒಂದು ಉಪಕಾರ ಕೇಳಿದರು: ಈ ವಿಷಯ ಹುಣಸೂರಿನಲ್ಲಿ ಯಾರಿಗೂ ತಿಳಿಯಬಾರದು. ಮರ್ಯಾದೆಯ ಪ್ರಶ್ನೆ ಇರಬೇಕು ಎಂದುಕೊಂಡೆವು. ಅದಲ್ಲವಂತೆ. ಚಿನ್ನದ ಸುದ್ದಿ ಹಬ್ಬಿದ ಮೇಲೆ ಜನ ಕೂಲಿಯೇ ಬೇಡ, ಬಿಟ್ಟಿಯಾಗಿ ಅಗೆಯುತ್ತೇವೆ ಎಂದು ಬಾವಿಗಿಳಿಯುತ್ತಿದ್ದಾರಂತೆ. ನೀರು ಬರುವವರೆಗಾದರೂ ಅದು ಚಿನ್ನವಾಗಿಯೇ ಇರಲಿ ಎಂದರು.

ಕೋಟೆ ಕಡೆಯ ಹುಡುಕಾಟ

ಜನವರಿಯಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೆಗ್ಗಡದೇವನಕೋಟೆ ಕಡೆಯ ಒಂದು ಹಳ್ಳಿಗೆ ಹೋದೆವು. ಊರಾಚೆಯ ಬಂಡೆಯ ಮೇಲೆ ಪ್ರೊಫೆಸರು ಸೂಟು ಬೂಟಿನಲ್ಲೇ ಮೊಣಕಾಲೂರಿ, ಕಣ್ಣಿಗೆ ಭೂತಗನ್ನಡಿ ಹಿಡಿದು, ಅಂಗುಲ ಅಂಗುಲವಾಗಿ ತೆವಳತೊಡಗಿದರು. ಸೌದೆ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬಳು ನಿಂತು ನೋಡಿ, ಏನು ಕಳೆದುಕೊಂಡಿರಿ ಎಂದು ಕೇಳಿದಳು. ತಲೆಯೆತ್ತದೆಯೇ ಅವರು, ಏನೂ ಇಲ್ಲ ತಾಯಿ ಎಂದರು. ಅಷ್ಟು ದೊಡ್ಡ ಮನುಷ್ಯ ಬಾಯಿಬಿಟ್ಟು ಹೇಳಲಾರದ ವಸ್ತು ಎಂದರೆ ಅರಮನೆಯದೇ ಇರಬೇಕು ಎಂದು ಅಜ್ಜಿ ಸೌದೆ ಇಳಿಸಿ ತಾನೂ ಹುಡುಕತೊಡಗಿದಳು. ಸ್ವಲ್ಪ ಹೊತ್ತಿಗೆ ಊರೇ ಬಂತು. ಮಹಾರಾಜರ ಉಂಗುರ ಬಿದ್ದಿದೆ ಎಂದು ಯಾರೋ ಯಾರಿಗೋ ಹೇಳುತ್ತಿದ್ದರು. ನಾವು ಬೇಡವೆಂದಷ್ಟೂ ಜನ ಪೊದೆ ಕಿತ್ತರು, ಮಣ್ಣು ಕೆದಕಿದರು. ಪ್ರೊಫೆಸರಿಗೆ ಸಂತೋಷವೇ, ಮುಚ್ಚಿಹೋಗಿದ್ದ ಬಂಡೆಯೆಲ್ಲ ಗುಡಿಸಿದ ಅಂಗಳದಂತೆ ಕಂಡಿತು.

ಹೊತ್ತು ಇಳಿಯುವಾಗ ಒಂದು ಮೂಲೆಯಲ್ಲಿ ಗದ್ದಲವಾಯಿತು. ಪಟೇಲರು ಜನರನ್ನು ಸರಿಸಿಕೊಂಡು ಬಂದು, ಎರಡೂ ಕೈಯಲ್ಲಿ ಪ್ರೊಫೆಸರ ಮುಂದೆ ಹಿಡಿದರು: ಮಣ್ಣು ಮೆತ್ತಿದ ಬೆಳ್ಳಿಯ ಕಾಲುಂಗುರ. ಇದು ನನ್ನದಲ್ಲ ಎಂದು ಪ್ರೊಫೆಸರು ಎಷ್ಟು ಹೇಳಿದರೂ ಪಟೇಲರು ಕೈ ಹಿಂದೆಗೆಯಲಿಲ್ಲ. ಅಷ್ಟರಲ್ಲಿ ಹೆಂಗಸೊಬ್ಬಳು ನುಗ್ಗಿ ಬಂದು, ಹೋದ ಸುಗ್ಗಿಯಲ್ಲಿ ಕಳೆದ ತನ್ನ ಕಾಲುಂಗುರ ಇದೇ ಎಂದು ಅಳುತ್ತಾ ಪ್ರೊಫೆಸರ ಕಾಲಿಗೆ ಬಿದ್ದಳು. ಜನ ದಂಗಾಗಿ ಅವರನ್ನೇ ನೋಡುತ್ತಾ ನಿಂತರು. ಅಜ್ಜಿ ಮಾತ್ರ ಹತ್ತಿರ ಬಂದು ಭೂತಗನ್ನಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು:

"ನಾಳಿಕ್ಕೆ ಅಂಗೇ ನಮ್ಮ ಅಟ್ಟಿ ಇಂದ್ಗಡೀಕೂ ಬಂದ್ಬುಡಿ ಬುದ್ಧಿ. ನನ್ ಮೂಗ್ಬಟ್ಟು ಅಲ್ಲೇ ಎಲ್ಲೋ ಬಿದ್ದೋಗದೆ."