ಎಡಗಡೆಯ ತುಣುಕು

ನಮ್ಮ ಸೋದರಮಾವನವರಿಗೆ ಕಂಪನಿ ಮಾಲು ಎಂದರೆ ಆಗುತ್ತಿರಲಿಲ್ಲ. ಕಂಪನಿಯ ಸೋಪು, ಕಂಪನಿಯ ಸ್ಟೋವು, ಕಂಪನಿಯ ಬಿಸ್ಕೀಟು, ಯಾವುದೂ ಅವರ ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ. ಹಾಗಾದರೆ ಅವರೇನು ವ್ರತ ಹಿಡಿದ ಖಾದಿಧಾರಿಯೇ? ಅಲ್ಲ. ಕಾರ್ಮಿಕ ಸಂಘದ ಮುಂದಾಳೇ? ಅದೂ ಅಲ್ಲ. ಪಂಖ ತಯಾರಿಸುವ ಒಂದು ದೊಡ್ಡ ಕಂಪನಿಯ ಗುಮಾಸ್ತರು! ಬೆಳಗ್ಗೆ ಗೋರೆಗಾಂವ್‌ನಲ್ಲಿ ಲೋಕಲ್ ಹಿಡಿದು ಚರ್ಚ್‌ಗೇಟಿಗೆ ಹೋಗಿ, ಸಂಜೆಯವರೆಗೆ ಗ್ರಾಹಕರ ದೂರಿನ ಪತ್ರಗಳನ್ನು ಓದಿ, ‘ತಮ್ಮ ಪತ್ರ ತಲುಪಿದೆ, ವಿಚಾರಿಸಲಾಗುತ್ತಿದೆ’ ಎಂದು ಉತ್ತರ ಬರೆಯುವುದು ಅವರ ನೌಕರಿ. ಪಂಖದ ಜೊತೆಗೆ ಹೋಗುವ ಗ್ಯಾರಂಟಿ ಕಾರ್ಡಿಗೆ ಸಹಿ ಹಾಕುವವರೂ ಅವರೇ.

“ಗ್ಯಾರಂಟಿ ಕಾರ್ಡ್ ಅಂದ್ರ ಏನಂತ ನನಗ ಗೊತ್ತದೋ ತಮ್ಮಾ,” ಎನ್ನುತ್ತಿದ್ದರು. “ಆ ಪಂಖಾ ನಾ ನೋಡಿಲ್ಲ. ತಿರಗ್ತದೋ ಇಲ್ಲೋ ದೇವರಿಗೇ ಗೊತ್ತು. ಸಹಿ ಮಾತ್ರ ನಂದು!”

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಧಾರವಾಡದಿಂದ ಬಂದು ಫೋರ್ಟಿನ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿ ಸೇರಿದ್ದ ನಾನು ಮಾಮಾ, ಮಾಮಿಯರ ಚಾಳಿನ ಎರಡು ಖೋಲಿಗಳ ಮನೆಯಲ್ಲಿ ಮೂರನೆಯವನಾಗಿ ಇದ್ದೆ. ಎರಡು ಕಡೆಯಿಂದ ಖಚಿತವಾಗದ ಸುದ್ದಿಯನ್ನು ಅಚ್ಚಿಗೆ ಕೊಡಬಾರದೆಂಬುದು ನಮ್ಮ ಪತ್ರಿಕೆಯ ನಿಯಮ. ಇಲ್ಲಿ ಬರೆಯುತ್ತಿರುವುದಕ್ಕೆ ಒಂದು ಮೂಲ ನಾನು, ಇನ್ನೊಂದು ಮಾಮಿ. ಇಬ್ಬರ ಹೇಳಿಕೆಯಲ್ಲಿ ವ್ಯತ್ಯಾಸ ಕಂಡಲ್ಲಿ ಮಾಮಿಯದನ್ನೇ ಸರಿಯೆಂದು ತೆಗೆದುಕೊಂಡಿದ್ದೇನೆ. ಆ ಮನೆಯಲ್ಲಿ ಹಾಗೆ ಮಾಡುವುದೇ ವಾಡಿಕೆ.

ಮಾಮಾನ ನಿಯಮ ಒಂದೇ. ಮಾಡಿದವರ ಮಾರಿ ನೋಡದ ಸಾಮಾನು ಮನೆಗೆ ಬರಕೂಡದು. ಹೀಗಾಗಿ ಅವರ ಮನೆಯಲ್ಲಿ ಇದ್ದದ್ದೆಲ್ಲ ಮುಖಪರಿಚಯದ ಸಾಮಾನೇ. ಮಲಾಡಿನ ಕೆಲವು ಹೆಂಗಸರು ಸೇರಿ ಬೇಯಿಸುತ್ತಿದ್ದ ಸೋಪು ಎಷ್ಟು ತಿಕ್ಕಿದರೂ ನೊರೆ ಕೊಡುತ್ತಿರಲಿಲ್ಲ. “ನೊರಿ ತೋರಿಸಿ ಮರುಳು ಮಾಡೂದು ಕಂಪನಿಯವರ ಕೆಲಸ,” ಎಂದು ಮಾಮಾ ಅದಕ್ಕೊಂದು ಸಮರ್ಥನೆ ಕೊಡುತ್ತಿದ್ದರು. ಸ್ಟೇಷನ್ನಿನ ಹೊರಗೆ ಕೂರುವ ಬಡಗಿ ಮಿಸ್ತ್ರಿ ಮಾಡಿದ ಕುರ್ಚಿಗೆ ಒಂದು ಕಾಲು ಗಿಡ್ಡ. ಅದರಲ್ಲಿ ಕೂತ ಅತಿಥಿಗಳು ಸ್ವಲ್ಪ ಹೊತ್ತು ದೋಣಿಯಲ್ಲಿ ಕೂತಂತೆ ತೂಗಾಡಿ, ತಾವಾಗಿಯೇ ಎದ್ದು ಹೊರಡುತ್ತಿದ್ದರು.

“ಈ ಮನ್ಯಾಗ ಉಪಯೋಗಕ್ಕ ಬರೂ ಸಾಮಾನು ಅಂದ್ರ ಇದೊಂದ,” ಎನ್ನುತ್ತಿದ್ದರು ಮಾಮಿ.

ಪೊರಕೆ ಮಾತ್ರ ಚೆನ್ನಾಗಿತ್ತು. ನ್ಯಾಯಕ್ಕೆ ಅದನ್ನೂ ಹೇಳಬೇಕು.

ಮಾಮಿಗೆ ಬೇಕಾಗಿದ್ದದ್ದು ಒಂದು ಕುಕ್ಕರ್. ಡಬ್ಬಿಯಲ್ಲಿ ಬರುವ, ಹೆಸರು ಕೊರೆದಿರುವ, ಜೊತೆಗೆ ಗ್ಯಾರಂಟಿ ಕಾರ್ಡು ಇರುವ ಕುಕ್ಕರ್. ಚಾಳಿನ ಉಳಿದೆಲ್ಲ ಖೋಲಿಗಳಲ್ಲೂ ಬೆಳಗಾದರೆ ಸೀಟಿ ಕೇಳುತ್ತಿತ್ತು. ನಮ್ಮಲ್ಲಿ ಮಾತ್ರ ಬೇಳೆ ಮೌನವಾಗಿ ಬೇಯುತ್ತಿತ್ತು. “ಕುಕ್ಕರ್ ಮಾಡಿದವನ ಮಾರಿ ಎಲ್ಲಿ ನೋಡ್ಲಿ?” ಎಂದು ಮಾಮಾ ಕೇಳಿದರೆ ಮಾಮಿ, “ನಿಮ್ಮ ಮಾರಿ ನೋಡಿ ಲಗ್ನಾದೆ. ಏನ್ ಬಂತು?” ಎನ್ನುತ್ತಿದ್ದರು.

ಇಂಥ ಮನೆಗೆ ಒಂದು ದಿನ ಕುಕ್ಕರಿನ ಬದಲು ಭಟ್ಟಿ ಬಂತು!

ಆದದ್ದಿಷ್ಟು. ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರು ಮನೆಯಲ್ಲೇ ಮಾಡಿದ, ಮೊಟ್ಟೆ ಹಾಕದ ಕೇಕನ್ನು ಹಂಚಿದ್ದರು. ಮಾಮಾ ತಿಂದರು. ಅವರಿಗೆ ಮೊಟ್ಟಮೊದಲು ಆಶ್ಚರ್ಯ ಹುಟ್ಟಿಸಿದ್ದು ರುಚಿಯಲ್ಲ, ‘ಮನೆಯಲ್ಲೇ ಮಾಡಿದ್ದು’ ಎಂಬ ಮಾತು. ತಾವೂ ಮನೆಯಲ್ಲೇ ಕೇಕು ಬೇಯಿಸಬೇಕೆಂದು ಅದೇ ಭಾನುವಾರ ಮಲಾಡಿಗೆ ಹೋದರು, ನನ್ನನ್ನೂ ಎಳೆದುಕೊಂಡು. ಅಲ್ಲಿ ತಗಡಿನ ಟ್ರಂಕು, ಎಣ್ಣೆ ಡಬ್ಬಿ ಮಾಡುವ ಒಬ್ಬ ಮುದುಕ ಇದ್ದ. ಎಲ್ಲರಿಗೂ ಅವನು ಚಾಚಾ.

ಮಾಮಾ ಕೈಯಲ್ಲಿ ಅಳತೆ ತೋರಿಸಿ, ಒಂದು ಪೇಟಿ ಬೇಕು, ಒಳಗೊಂದು ಹಲಗೆ, ಮುಂದೆ ಬಾಗಿಲು ಎಂದರು.

“ಕಬೂತರ್ ಕೇ ಲಿಯೇ?” ಎಂದ ಚಾಚಾ. ಪಾರಿವಾಳಕ್ಕೇ ಎಂದು ಅವನಿಗೆ ಅನುಮಾನವೇ ಇರಲಿಲ್ಲ.

“ನಹೀ ಚಾಚಾ, ಕೇಕ್ ಕೇ ಲಿಯೇ.”

ಚಾಚಾ ಬಹಳ ಹೊತ್ತು ಯೋಚಿಸಿದ. ಕೇಕು ತಿಂದವನಲ್ಲ, ನೋಡಿದವನೂ ಅಲ್ಲ. ಕೊನೆಗೆ, “ತೋ ಹವಾ ಚಾಹಿಯೇ,” ಎಂದು ತೀರ್ಮಾನ ಹೇಳಿದ. ಒಳಗೆ ಇರುವುದು ಏನೇ ಆಗಲಿ, ಉಸಿರಾಡಬೇಡವೇ? ಪೇಟಿ ಸಿದ್ಧವಾದಾಗ ಅದರ ಬಲಗೋಡೆಯ ತುಂಬ ಅಂದವಾದ ತೂತುಗಳಿದ್ದವು, ಹೂವಿನ ಆಕಾರದಲ್ಲಿ.

ಮುಖಪರಿಚಯದವರೇ ಮಾಡಿದ ಸ್ಟೋವಿನ ಮೇಲೆ ಪೇಟಿಯನ್ನು ಕೂರಿಸಿ ಮೈದಾ, ಸಕ್ಕರೆ, ಮೊಸರು, ಸೋಡಾ, ಏಲಕ್ಕಿ ಕಲಸಿದ ಹಿಟ್ಟನ್ನು ಒಳಗಿಟ್ಟಾಗ ಆ ಹೂವುಗಳ ಪರಿಣಾಮ ತಿಳಿಯಿತು. ಬಲಗಡೆಯಿಂದ ಗಾಳಿ ಆಡಿ ಅಲ್ಲಿ ಕೇಕು ಹೊಂಬಣ್ಣಕ್ಕೆ ಬಂದರೆ ಎಡಗಡೆ ಇದ್ದಲಾಯಿತು. ನಡುವೆ ಬಾಗಿಲು ತೆರೆದು ಡಬ್ಬಿ ತಿರುಗಿಸಬಾರದೇ ಎಂದು ನೀವು ಕೇಳಬಹುದು. ಒಮ್ಮೆ ಮಾಮಾ ತಿರುಗಿಸಿದರು. ಕೇಕು ಮುನಿಸಿಕೊಂಡು ಕುಸಿದು ಕೂತಿತು. ಪಕ್ಕದ ಖೋಲಿಯ ಮುದುಕ ಆಜೋಬಾ ಅದನ್ನು ಒಮ್ಮೆ ಕಚ್ಚಿ ನೋಡಿ, ಹಲ್ಲಿನ ಸೆಟ್ಟು ಕಳಚಿ ಜೇಬಿಗೆ ಹಾಕಿಕೊಂಡು, ಉಳಿದ ಭಾಗವನ್ನು ಚೀಪಿದರು. “ಛಾನ್ ಆಹೇ,” ಚೆನ್ನಾಗಿದೆ, ಎಂದರು. ಮರಾಠಿ ಜನ ಮರ್ಯಾದಸ್ಥರು.

ಮಾಮಿ ಮೊದಲ ದಿನವೇ ತಮ್ಮ ನಿಲುವನ್ನು ಪ್ರಕಟಿಸಿದರು. ಮಾಮಾ ಒಂದು ತುಣುಕನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದಾಗ ತಿರುಗಿಯೂ ನೋಡದೆ, “ಗ್ಯಾರಂಟಿ ಕಾರ್ಡ್ ಎಲ್ಲದ?” ಎಂದರು. “ಗ್ಯಾರಂಟಿ ಕಾರ್ಡ್ ಇರೂ ಒಂದ ಒಂದು ಸಾಮಾನು ಈ ಮನಿಗೆ ಬರ್ಲಿ. ಅವತ್ತ ತಿಂತೀನಿ.”

ಅಲ್ಲಿಂದ ಮುಂದೆ ಮಾಮಾನಿಗೆ ಜೀವನದಲ್ಲಿ ಒಂದೇ ಆಸೆ ಉಳಿಯಿತು, ಮಾಮಿ ಒಂದು ತುಣುಕು ತಿನ್ನಬೇಕು. ಕುಕ್ಕರ್ ತಂದಿದ್ದರೆ ಮುಗಿದು ಹೋಗುತ್ತಿತ್ತಲ್ಲ ಎನ್ನುವಿರಾ? ಹಾಗೆ ಮುಗಿಯುವ ಮನುಷ್ಯರಾಗಿದ್ದರೆ ಅವರ ಮೇಲೆ ನಾನೇಕೆ ಬರೆಯುತ್ತಿದ್ದೆ!

ದಸರೆಯ ವಿಷಯ ಹೇಳಬೇಕು. ಎಲ್ಲರ ಮನೆಯಲ್ಲಿ ಆ ದಿನ ಆಯುಧಕ್ಕೆ, ಯಂತ್ರಕ್ಕೆ ಹೂವೇರಿಸುತ್ತಾರೆ. ಮಾಮಾ, ಅವನ್ನು ಮಾಡಿದವರನ್ನೇ ಚಹಾಕ್ಕೆ ಕರೆಯುತ್ತಿದ್ದರು. ಮಿಸ್ತ್ರಿ ಬರುತ್ತಿದ್ದ, ಪೊರಕೆ ಕಟ್ಟುವ ಹೆಂಗಸು ಬರುತ್ತಿದ್ದಳು, ಮಲಾಡಿನಿಂದ ಚಾಚಾ ಹೊಸ ಟೋಪಿ ಹಾಕಿಕೊಂಡು ಬರುತ್ತಿದ್ದ. ಮಾಮಾ ಒಬ್ಬೊಬ್ಬರನ್ನೂ ಅವರವರ ಸಾಮಾನಿನ ಹತ್ತಿರ ಕರೆದೊಯ್ದು, “ನೋಡಿ, ಹೇಗೆ ನಡೆಯುತ್ತಿದೆ!” ಎಂದು ತೋರಿಸುತ್ತಿದ್ದರು. ಲಗ್ನ ಮಾಡಿಕೊಟ್ಟ ಮಗಳನ್ನು ತವರಿನವರಿಗೆ ತೋರಿಸುವ ಹಾಗೆ. ಅದಕ್ಕಾಗಿ ರೇಷನ್ ಸಕ್ಕರೆ ಉಳಿಸಬೇಕಿತ್ತು. ದಸರೆಗೆ ಮೊದಲಿನ ವಾರಗಳಲ್ಲಿ ನಮ್ಮ ಮನೆಯ ಚಹಾ ಕಷಾಯದಂತಿರುತ್ತಿತ್ತು.

“ನಿಮ್ಮ ಮಂದಿ ಬಂದ್ರು,” ಎಂದು ಮಾಮಿ ಒಳಗಿನಿಂದಲೇ ಘೋಷಿಸುತ್ತಿದ್ದರು. ಚಹಾ ಮಾತ್ರ ಎಲ್ಲರಿಗೂ ಕುದಿಯುತ್ತಿರುವಾಗಲೇ ಬರುತ್ತಿತ್ತು.

ಚಾಚಾ ಮೊದಲ ಸಲ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಮಾಮಾ ಭಟ್ಟಿಯ ಬಾಗಿಲು ತೆರೆದು ಕೇಕು ಹೊರತೆಗೆದಾಗ ಅವನು ಹಿಂದೆ ಸರಿದ. “ಯೇ ಮೇರೇ ಡಬ್ಬೇ ಮೇಂ ಬನಾ?” ಎಂದು, ತನ್ನ ಡಬ್ಬಿಯಲ್ಲೇ ಆದದ್ದೆಂದು ನಂಬದೆ, ಎರಡು ಸಲ ಕೇಳಿದ. ತಿಂದ. ಒಂದು ತುಣುಕನ್ನು ಹೆಂಡತಿಗೆ ತೋರಿಸಲೆಂದು ಕರವಸ್ತ್ರದಲ್ಲಿ ಕಟ್ಟಿಕೊಂಡ. ಅವನಿಗೆ ಕೊಟ್ಟದ್ದೆಲ್ಲ ಬಲಗಡೆಯ ಹೊಂಬಣ್ಣದ ತುಣುಕು. ಎಡಗಡೆಯ ಕರಿ ಪಟ್ಟಿಯನ್ನು ಮಾಮಾ ಅವನು ಬರುವ ಮುಂಚೆಯೇ ಕತ್ತರಿಸಿ, ಗೋಡೆಯ ಮೇಲಿನ ಹಲಗೆ, ಫಳಿಯಲ್ಲಿ ಬಚ್ಚಿಟ್ಟಿದ್ದರು. ಎಲ್ಲರೂ ಹೋದ ಮೇಲೆ ತೆಗೆದು, ಪೂರ್ತಿ ಅವರೊಬ್ಬರೇ ತಿಂದರು.

“ಕರಕಲು ಅಂದ್ರ ನನಗ ಭಾಳ ಸೇರ್ತದ,” ಎಂದರು ನಾನು ನೋಡುತ್ತಿದ್ದದ್ದನ್ನು ಕಂಡು.

ಒಳಗಿನಿಂದ ಮಾಮಿಯ ದನಿ ಬಂತು. “ರೊಟ್ಟಿ ಮ್ಯಾಲ ಒಂದ್ ಕರಿ ಚುಕ್ಕಿ ಕಂಡ್ರ ಗಂಗಾಳ ಬಿಟ್ಟು ಏಳ್ತಾರ. ಇಲ್ಲಿ ನೋಡು, ಇದ್ದಲಿ ತಿನ್ನಾಕತ್ತಾರ!”

“ಆ ತೂತು ಮುಚ್ಚಲು ಚಾಚಾನಿಗೆ ಹೇಳಬಾರದೇ ಮಾಮಾ? ಒಂದು ತಗಡಿನ ತುಂಡಿನ ಕೆಲಸ,” ಎಂದೆ.

ಮಾಮಾ ಜಗಿದು ಮುಗಿಸಿದರು. ನುಂಗಿ ನೀರು ಕುಡಿದರು. “ಆಂವ ಜನ್ಮದಾಗ ಒಂದ ಭಟ್ಟಿ ಮಾಡ್ಯಾನ. ಹೇಣ್ತಿ ಮುಂದ, ನೆರಿ ಮಂದಿ ಮುಂದ ಹೇಳಿಕೊಂಡಾನ. ನಾ ದಿನಾ ಸಂಜಿತನಕ ಮಂದಿ ದೂರು ಓದ್ತೀನಿ ತಮ್ಮಾ. ಮನಿಗೆ ಬಂದು ನಾನೂ ಒಬ್ಬಾಂವಗ ದೂರು ಹೇಳ್ಲೇನು?”

ಹೀಗೆ ಕೆಲವು ದಸರೆಗಳು ಕಳೆದವು. ಪ್ರತಿ ವರ್ಷ ಚಾಚಾ ಬಲಗಡೆಯದನ್ನು ತಿಂದ, ಮಾಮಾ ಎಡಗಡೆಯದನ್ನು. ಮಾಮಿ ಯಾವುದನ್ನೂ ತಿನ್ನಲಿಲ್ಲ.

ಆಮೇಲಿನ ವರ್ಷ, ದಸರೆ ಹತ್ತಿರ ಬಂದಾಗ, ಮಾಮಾ ಕೇಕಿನ ಡಬ್ಬಿ ಇಳಿಸಲೆಂದು ಮಿಸ್ತ್ರಿಯ ಕುರ್ಚಿ ಹತ್ತಿದರು. ಗಿಡ್ಡ ಕಾಲು ತನ್ನ ಕೆಲಸ ಮಾಡಿತು. ತೊಡೆಯ ಮೂಳೆ ಮುರಿದು ಪರೇಲಿನ ಆಸ್ಪತ್ರೆ ಸೇರಿದರು. ಆಂಬುಲೆನ್ಸಿಗೆ ಏರಿಸುವಾಗ ನೋವಿನಿಂದ ಮುಖ ಬಿಳಿಚಿತ್ತು. ನನ್ನ ಕೈ ಹಿಡಿದು, ನನಗೂ ಮಾಮಿಗೂ ಹೇಳಿದ್ದು ಒಂದೇ ಮಾತು. “ಮಿಸ್ತ್ರಿಗೆ ಹೇಳಬ್ಯಾಡ್ರಿ. ಜಳಕದ ಮೋರಿಯೊಳಗ ಜಾರಿದೆ ಅಂತ ಹೇಳ್ರಿ.”

ವಾರ್ಡಿನಲ್ಲಿ ಅವರ ಕಾಲನ್ನು ರಾಟೆಗೆ ಕಟ್ಟಿ ಮೇಲೆ ಎತ್ತಿದ್ದರು. ಸ್ವಲ್ಪ ಸುಧಾರಿಸಿದ ಕೂಡಲೇ ನರ್ಸನ್ನು ಕರೆದು, ಈ ರಾಟೆ ಮಾಡಿದವನು ಎಲ್ಲಿರುತ್ತಾನೆ ಎಂದು ವಿಚಾರಿಸಿದರಂತೆ! ಆದರೆ ದಸರೆಯ ಹಿಂದಿನ ದಿನ ಅವರಿಗೆ ತಮಾಷೆಯೂ ಬೇಡವಾಗಿತ್ತು.

“ನಾಳೆ ಅವರು ಬರ್ತಾರ,” ಎಂದರು ಮಾಮಿಗೆ.

“ಬಂದ್ರ ಕೀಲಿ ನೋಡಿ ಹೊಳ್ಳಿ ಹೋಗ್ತಾರ. ನನಗ ಆ ಭಟ್ಟಿ ಉಸಾಬರಿ ಬ್ಯಾಡ.”

ಮಾಮಾ ನೆತ್ತಿಯ ಮೇಲಿನ ಪಂಖ ನೋಡುತ್ತ ಮಲಗಿದರು. ಅದು ಅವರ ಕಂಪನಿಯದೇ. ತಿರುಗುತ್ತಿರಲಿಲ್ಲ.

ದಸರೆಯ ಬೆಳಗ್ಗೆ ಸ್ಟೋವಿನ ಸದ್ದಿಗೆ ನನಗೆ ಎಚ್ಚರವಾಯಿತು. ಮಾಮಿ ಸೆರಗು ಬಿಗಿದು ಭಟ್ಟಿಯ ಮುಂದೆ ಕೂತಿದ್ದರು. ಅಳತೆ ಯಾರನ್ನೂ ಕೇಳಲಿಲ್ಲ. ಇಷ್ಟು ವರ್ಷ ಬೆನ್ನು ಮಾಡಿ ನಿಂತಿದ್ದವರು ಎಲ್ಲವನ್ನೂ ನೋಡಿಕೊಂಡಿದ್ದರು. ಕೇಕು ಎಂದಿನಂತೆಯೇ ಆಯಿತು, ಬಲಗಡೆ ಹೊನ್ನು, ಎಡಗಡೆ ಇದ್ದಲು. ಮಾಮಿ ಕರಿ ಪಟ್ಟಿಯನ್ನು ಕತ್ತರಿಸಿ ಮೇಲಿನ ಫಳಿಯಲ್ಲಿಟ್ಟರು.

ಮಧ್ಯಾಹ್ನ ಮೂವರೂ ಬಂದರು. ಬನ್ನಿ ಎಲೆ ಕೊಟ್ಟರು, ಸುದ್ದಿ ಕೇಳಿ ಮರುಗಿದರು. “ಸಾಬ್ ಕೈಸೇ ಗಿರೇ?” ಎಂದ ಮಿಸ್ತ್ರಿ, ಅದೇ ಕುರ್ಚಿಯಲ್ಲಿ ಕೂತು.

“ಮೋರಿ ಮೇಂ ಪಡ್ ಗಯೇ,” ಎಂದರು ಮಾಮಿ, ಕಣ್ಣು ಮಿಟುಕಿಸದೆ.

ಮಿಸ್ತ್ರಿ ಕುರ್ಚಿಯ ಕೈಯನ್ನು ತಟ್ಟಿ, “ಯೇ ದೇಖೋ ಭಾಬಿ, ಅಬ್ ತಕ್ ಮಜಬೂತ್!” ಎಂದ. ಮಾಮಿ ಅದಕ್ಕೂ ತಲೆಯಾಡಿಸಿದರು.

ಆಗ ಚಾಚಾ ಕೇಕಿನ ತಟ್ಟೆಯನ್ನು ಕೆಳಗಿಟ್ಟ. ತನ್ನ ಭಟ್ಟಿ ಹೇಗಿದೆ, ನಿಜ ಹೇಳಿ ಎಂದು ಕೇಳುವಾಗ ಅವನ ದನಿಯಲ್ಲಿ ಸಂಕೋಚವಿತ್ತು. “ಭಾಬಿ, ಆಜ್ ತೋ ಆಪ್ನೇ ಬನಾಯಾ. ಸಚ್ ಬೋಲೋ, ಮೇರೀ ಭಟ್ಟೀ ಕೈಸೀ ಹೈ?”

ಸೋಪು, ಕುರ್ಚಿ, ಬಾರದ ಕುಕ್ಕರ್, ಹೊತ್ತಿದ ಎಡಗಡೆ, ಅಷ್ಟು ವರ್ಷಗಳ ದೂರನ್ನು ಕೇಳಲು ತಕ್ಕ ಮನುಷ್ಯ ತಾನಾಗಿಯೇ ಮುಂದೆ ಬಂದು ಕೂತಿದ್ದ. ಮಾಮಿ ಭಟ್ಟಿಯ ಕಡೆ ನೋಡಿದರು. ತೂತಿನ ಹೂವುಗಳ ಕಡೆ ನೋಡಿದರು.

“ಬಹುತ್ ಅಚ್ಛೀ ಹೈ ಚಾಚಾ,” ಎಂದರು. “ಏಕದಮ್ ಬರಾಬರ್.”

ಅವರು ಹೋದ ಮೇಲೆ ಆಸ್ಪತ್ರೆಗೆ ಹೊರಟೆವು. ಸ್ಟೀಲ್ ಡಬ್ಬಿಯಲ್ಲಿ ಕೇಕು ತುಂಬುತ್ತಿದ್ದ ನನಗೆ ಮಾಮಿ ಫಳಿ ತೋರಿಸಿ, “ಕರೀದೂ ಇಡು. ಕೇಳ್ತಾರ,” ಎಂದರು. ನಾನೇ ಇಟ್ಟೆ, ನಾನೇ ಮುಚ್ಚಳ ಹಾಕಿದೆ. ಗೋರೆಗಾಂವ್‌ನಲ್ಲಿ ಮಾಮಿ ಡಬ್ಬಿ ಹಿಡಿದು ಹೆಂಗಸರ ಬೋಗಿ ಹತ್ತಿದರು, ನಾನು ಗಂಡಸರದು. ಹಬ್ಬದ ರಜೆ. ಗಾಡಿಯಲ್ಲಿ ಕಾಲು ಚಾಚಿ ಕೂರುವಷ್ಟು ಜಾಗವಿತ್ತು. ದಾದರಿನಲ್ಲಿ ಇಳಿದು ಮಾಮಿಯನ್ನು ಕೂಡಿಕೊಂಡೆ.

ಮಾಮಾ ನಮ್ಮನ್ನು ಕಂಡು ತಲೆ ಎತ್ತಿದರು. ಮಾಮಿ ಡಬ್ಬಿಯನ್ನು ಅವರ ಎದೆಯ ಮೇಲಿಟ್ಟರು. ಮುಚ್ಚಳ ತೆರೆದಾಗ ಅವರ ಮುಖದಲ್ಲಿ ಕಂಡದ್ದನ್ನು ಬರೆಯಲು ನನ್ನ ಕಸುಬಿನ ಭಾಷೆ ಸಾಲದು. ಅವರು ತುಣುಕುಗಳನ್ನು ಬೆರಳಿನಿಂದ ಸರಿಸಿದರು. ಮತ್ತೆ ಸರಿಸಿ, ಅಡಿಯವರೆಗೆ ನೋಡಿದರು. ಎಲ್ಲವೂ ಹೊಂಬಣ್ಣ.

“ಎಡಗಡೀದು ಎಲ್ಲದ?”

ಮಾಮಿ ತಿರುಗದ ಪಂಖವನ್ನು ನೋಡುತ್ತ ನಿಂತಿದ್ದರು. “ಗಾಡ್ಯಾಗ ಭಾಳ ಗರ್ದಿ ಇತ್ತು, ಮಂದಿ ದೂಡಿದ್ರು. ಬಿತ್ತು.”

“ಇವತ್ತ? ಗರ್ದಿ?”

ಮಾಮಿಯ ಕಣ್ಣು ಪಂಖ ಬಿಟ್ಟು ಇಳಿಯಲಿಲ್ಲ. ಮಾಮಾ ಅವರ ಮುಖವನ್ನೇ ನೋಡಿದರು. ತುಟಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕರಿ ಅಂಟಿತ್ತು. ದಿಂಬಿನ ಪಕ್ಕದ ಟವೆಲ್ ಎತ್ತಿಕೊಂಡು, ಬಾಗು ಎಂದು ಕೈಮಾಡಿ, ಇಡೀ ವಾರ್ಡಿನ ಎದುರಿಗೆ ಅದನ್ನು ಒರೆಸಿದರು. ಹೆಂಡತಿಯ ಹೆಸರನ್ನೂ ನಾಲ್ಕು ಜನರೆದುರು ಹೇಳದ ಮನುಷ್ಯ!

“ಕಹಿ ಇತ್ತೇನು?” ಎಂದರು ಮೆಲ್ಲಗೆ.

“ಇತ್ತು,” ಎಂದರು ಮಾಮಿ. “ಚಾಚಾಗ ಹೇಳಬ್ಯಾಡ್ರಿ.”