ಒಂಬತ್ತನೇ ತರಗತಿ ನನ್ನನ್ನು ಪದಚ್ಯುತಗೊಳಿಸಿದ ಪ್ರಸಂಗ

ಫ್ರಾನ್ಸಿನ ಕ್ರಾಂತಿಯನ್ನು ನನ್ನಷ್ಟು ಚೆನ್ನಾಗಿ ಪಾಠ ಮಾಡುವ ಮಾಸ್ತರು ರಾಯಚೂರು ಜಿಲ್ಲೆಯಲ್ಲೇ ಇಲ್ಲ ಎಂದು ನಾನು ಬಹಳ ವರ್ಷಗಳಿಂದ ನಂಬಿಕೊಂಡಿದ್ದೆ. ಆಧಾರ ಕೇಳಬೇಡಿ. ನಂಬಿಕೆಗೆಲ್ಲ ಆಧಾರ ಹುಡುಕುತ್ತ ಕೂತರೆ ಮನುಷ್ಯ ಬದುಕುವುದು ಕಷ್ಟ. ಮಾನ್ವಿಯಲ್ಲಿ ನನ್ನ ಮನೆ; ದೇವದುರ್ಗದ ಬಸ್ಸು ಹಿಡಿದು ನಡುದಾರಿಯಲ್ಲಿ ಇಳಿದರೆ ನನ್ನ ಹೈಸ್ಕೂಲು. ಊರಿನ ಹೆಸರು ಹೇಳುವುದಿಲ್ಲ. ನಮ್ಮ ಹೆಡ್‌ಮಾಸ್ತರರು ಇನ್ನೂ ಅಲ್ಲೇ ಇದ್ದಾರೆ, ನಾನೂ ಇದ್ದೇನೆ.

ಈ ವರ್ಷ ರಾಯಚೂರಿನಲ್ಲಿ ನಮಗೆ ಮೂರು ದಿನದ ತರಬೇತಿ ಆಯಿತು. ಪಾಠವನ್ನು ಬಾಯಲ್ಲಿ ಹೇಳಬಾರದು, ಮಕ್ಕಳಿಂದ ಮಾಡಿಸಬೇಕು ಎಂದು ಮೂರು ದಿನವೂ ಬಾಯಲ್ಲೇ ಹೇಳಿದರು. ನಾನು ಹುರುಪಿನಿಂದ ವಾಪಸು ಬಂದವನೇ ಒಂಬತ್ತನೇ ತರಗತಿಯನ್ನು ಫ್ರಾನ್ಸ್ ಮಾಡಿಬಿಟ್ಟೆ. ಮೊದಲ ಬೆಂಚು ಪುರೋಹಿತರು, ಎರಡನೇ ಬೆಂಚು ಜಮೀನ್ದಾರರು, ಉಳಿದವರೆಲ್ಲ ಸಾಮಾನ್ಯ ಜನ. ಅರಸ ಯಾರು? ಕುರ್ಚಿ ಒಂದೇ ಇತ್ತು. ಅದರಲ್ಲಿ ನಾನು ಕೂತೆ.

ಕ್ರಾಂತಿಗೆ ಮೊದಲು ವಿಚಾರ ಬಂತು, ಆಮೇಲೆ ಜನ ಬೀದಿಗೆ ಬಂದರು ಎಂದು ಶುರು ಮಾಡಿದೆ. ಆ ಕಾಲದ ತತ್ತ್ವಜ್ಞಾನಿಗಳು ಹೇಳಿದ್ದನ್ನು ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದೆ. ಹುಟ್ಟಿನಿಂದ ಯಾರಿಗೂ ಸವಲತ್ತು ಇಲ್ಲ. ಅಧಿಕಾರ ಜನ ಒಪ್ಪಿ ಕೊಟ್ಟದ್ದು. ಯಾವ ಪದ್ಧತಿಯನ್ನೂ ‘ಯಾಕೆ’ ಎಂದು ಕೇಳದೆ ಒಪ್ಪಬಾರದು.

ಹಿಂದಿನ ಬೆಂಚಿನಿಂದ ಹುಲಿಗೆಮ್ಮ ಎದ್ದಳು. ಪಕ್ಕದ ಹಳ್ಳಿಯ ಕೂಲಿ ಮಾಡುವ ಮನೆಯ ಹುಡುಗಿ.

“ಸರ್ರ, ಎಲ್ಲಾದಕ್ಕೂ ಯಾಕ ಅಂತ ಕೇಳಬೌದೇನ್ರಿ?”

“ಕೇಳಬೇಕವ್ವ. ಕೇಳಿದ್ದಕ್ಕ ಕ್ರಾಂತಿ ಆತು.”

“ಮಾಸ್ತರ್‌ಗೂ ಕೇಳಬೌದೇನ್ರಿ?”

“ಅರಸಗ ಕೇಳ್ಯಾರ, ಮಾಸ್ತರ್ ಯಾವ ಲೆಕ್ಕ?”

ಆ ಮಾತು ಆಡುವಾಗ ನನಗೆ ನನ್ನ ಮೇಲೇ ಅಭಿಮಾನ ಉಕ್ಕಿತು.

ಹುಲಿಗೆಮ್ಮ ಬುದ್ಧಿವಂತೆ. ಆದರೆ ಬಿಸಿಯೂಟ ಮುಗಿದ ಮೇಲೆ ಕ್ಲಾಸಿನಲ್ಲಿ ಕಾಣುತ್ತಿರಲಿಲ್ಲ. ಎಷ್ಟೋ ವಾರಗಳಿಂದ ಮಧ್ಯಾಹ್ನದ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಬರೀ ಗೈರು. ಅವಳ ಅಪ್ಪನಿಗೆ ಒಂದು ನೋಟಿಸು ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಅದು ಮನೆ ಮುಟ್ಟಿದರೆ ಅಪ್ಪ ಶಾಲೆ ಬಿಡಿಸಿ ಹತ್ತಿ ಬಿಡಿಸಲು ಕಳಿಸುತ್ತಾನೆ ಎಂಬುದು ನನಗೂ ಗೊತ್ತಿತ್ತು. ನಿಯಮ ನಿಯಮವೇ ಎಂದು ಸಮಾಧಾನ ಮಾಡಿಕೊಂಡಿದ್ದೆ. ಯಾಕೆ ಬರುವುದಿಲ್ಲ ಎಂದು ಒಂದು ಸಲವೂ ಅವಳನ್ನು ಕೇಳಿರಲಿಲ್ಲ.

ಪಾಠದ ಕೊನೆಯಲ್ಲಿ ಒಂದು ಸ್ವಾರಸ್ಯ ಹೇಳಿದೆ. ಕ್ರಾಂತಿಗೆ ಮೊದಲು ಫ್ರಾನ್ಸಿನ ಅರಸ ತಾನೇ ಜನರಿಗೆ ‘ನಿಮ್ಮ ಅಹವಾಲು ಬರೆದು ಕೊಡಿ’ ಎಂದಿದ್ದ. ಪಾಪ, ತನ್ನ ಗುಂಡಿ ತಾನೇ ತೋಡಿಕೊಂಡ ಎಂದು ನಕ್ಕೆ. ನಕ್ಕವನೇ, “ನೀವೂ ಸಾಮಾನ್ಯ ಜನ ಅಂತ ತಿಳಕೊಂಡು ಅಹವಾಲು ಬರ್ಕೊಂಡು ಬರ್ರಿ. ಗುರುವಾರ ಸಾಹೇಬರು ತಪಾಸಣಿಗೆ ಬರ್ತಾರ, ಅವರ ಮುಂದ ಓದೋಣು” ಎಂದೆ.

ಇಲ್ಲಿ ಒಂದು ಕೀಲಿಕೈಯ ವಿಷಯ ಹೇಳಬೇಕು. ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆಂದು ಕಟ್ಟಿಸಿದ ಹೊಸ ಶೌಚಾಲಯವಿದೆ. ಟೈಲ್ಸು, ನಲ್ಲಿ, ಕನ್ನಡಿ ಎಲ್ಲವೂ ಇದೆ. ಮಕ್ಕಳು ಬಳಸಿದರೆ ಹಾಳಾಗುತ್ತದೆ, ಸಾಹೇಬರು ಬಂದಾಗ ಬೇಕಾಗುತ್ತದೆ ಎಂದು ಉದ್ಘಾಟನೆಯ ದಿನವೇ ಅದಕ್ಕೆ ಬೀಗ ಬಿತ್ತು. ಸಾಹೇಬರು ಬರದ ದಿನಗಳಲ್ಲಿ ಅದನ್ನು ಕಾಯುವ ಮತ್ತು ಬಳಸುವ ಗುರುತರ ಜವಾಬ್ದಾರಿ ಮಾಸ್ತರರದು. “ಆಚಾರ್ರ, ನಿಮ್ಮಷ್ಟು ನಂಬಿಕಸ್ತರು ಯಾರಿಲ್ರಿ” ಎಂದು ಹೆಡ್‌ಮಾಸ್ತರರು ಕೀಲಿಕೈ ನನಗೇ ಒಪ್ಪಿಸಿದರು. ದೇವರ ಸೇವೆ ಮಾಡಿಕೊಂಡು ಬಂದ ಮನೆತನ ನಮ್ಮದು. ನಮ್ಮ ಅಜ್ಜ ತಿಜೋರಿಯ ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ತಿಜೋರಿ ಯಾವಾಗಲೋ ಹೋಯಿತು. ಜನಿವಾರ ಉಳಿದಿತ್ತು. ಅದಕ್ಕೆ ನಾನು ಇದನ್ನೇ ಕಟ್ಟಿಕೊಂಡೆ.

ನನ್ನ ಹೆಂಡತಿ ಸುಧಾ ಮರುದಿನ ಬೆಳಿಗ್ಗೆಯೇ ಹಿಡಿದಳು.

“ಅಲ್ರೀ, ಸಂಧ್ಯಾವಂದನಿ ಮಾಡೂಮುಂದ ಎದಿಮ್ಯಾಲ ಅದೇನ್ರೀ ಜೋತಾಡೂದು?”

“ಸಾಲಿ ಚಾವಿ.”

“ಸಾಲ್ಯಾಗ ಯಾವುದರದು?”

“ಪಾಯಖಾನಿದು.”

ಮೂರು ದಿನ ನನಗೆ ಊಟ ಪಡಸಾಲೆಯಲ್ಲೇ ಬಂತು.

ಗುರುವಾರ ಸಾಹೇಬರು ಬಂದರು. ನನ್ನ ಪಾಠವನ್ನೇ ಮೊದಲು ನೋಡಬೇಕು ಎಂದು ನಾನೇ ಹಟ ಹಿಡಿದು ಅವರನ್ನು ಒಂಬತ್ತನೇ ತರಗತಿಗೆ ಕರೆದೊಯ್ದೆ. ಬೋರ್ಡಿನ ಮೇಲಿನ ತತ್ತ್ವಗಳನ್ನು ಓದಿ ಅವರು ತಲೆದೂಗಿದರು. ನಾನು ಹುಲಿಗೆಮ್ಮನ ಕಡೆ ಕೈ ಮಾಡಿದೆ. ಅವಳು ನೋಟ್‌ಬುಕ್ಕಿನ ಹಾಳೆ ಬಿಡಿಸಿ, ಸ್ವಲ್ಪವೂ ತಡವರಿಸದೆ ಓದಿದಳು.

“ಅರಸರಿಗಿ ಸಾಮಾನ್ಯ ಜನ ಮಾಡ್ಕೊಳ್ಳೋ ಅರಿಕಿ. ಒಂದು, ನಮ್ಮ ಹೆಸರ್ಲೆ ಕಟ್ಟಿದ ಖೋಲಿಗಿ ಕೀಲಿ ಹಾಕ್ಯಾರ. ಎರಡು, ಅದರ ಚಾವಿ ಅರಸರ ಕೊಳ್ಳಾಗ ಅದ. ಮೂರು, ಉಂಡಮ್ಯಾಲ ನಾವು ಅದಕ್ಕಂತ ಮನಿಗಿ ಹೋಗ್ತೀವಿ. ಮನಿ ದೂರ ಅದ, ತಿರುಗಿ ಬರಷ್ಟೊತ್ತಿಗಿ ಸಾಲಿ ಬಿಟ್ಟಿರ್ತದ. ನಾಕು, ಬರಲಿಲ್ಲಂತ ಅರಸರು ಗೈರು ಹಾಕಾಕತ್ತ್ಯಾರ.”

ನಾನು ಪಕ್ಕಕ್ಕೆ ಬಾಗಿ ಮೆಲ್ಲಗೆ, “ಫ್ರಾನ್ಸಿಂದು ಓದವ್ವ, ಫ್ರಾನ್ಸಿಂದು” ಎಂದೆ.

“ಅದನ್ನ ಓದಾಕತ್ತೀನ್ರಿ ಸರ್ರ.”

ಸಾಹೇಬರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. “ಐದನೇದು ಅದ ಏನವ್ವ?”

“ಅದರಿ. ಐದು, ಯಾಕ? ಅಷ್ಟರಿ.”

ಸಾಹೇಬರು ಹೆಡ್‌ಮಾಸ್ತರರನ್ನು ನೋಡಿದರು. ಹೆಡ್‌ಮಾಸ್ತರರು ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ. “ಚಾವಿ ಯಾರತ್ರ ಅದ?” ಎಂದು ಸಾಹೇಬರು ಕೇಳಿದ್ದೇ ತಡ, ಪುರೋಹಿತರು, ಜಮೀನ್ದಾರರು, ಸಾಮಾನ್ಯ ಜನ ಎಲ್ಲರೂ ಒಂದಾಗಿ ನನ್ನ ಎದೆಗೆ ಬೆರಳು ಮಾಡಿದರು. ಮೂರೂ ವರ್ಗಗಳ ಇಂಥ ಒಗ್ಗಟ್ಟು ಫ್ರಾನ್ಸಿನಲ್ಲೂ ಆಗಿರಲಿಲ್ಲ!

ಎಲ್ಲರೂ ಶೌಚಾಲಯದ ಮುಂದೆ ಬಂದೆವು. ಫ್ರಾನ್ಸಿನ ಜನ ಅರಸನ ಸೆರೆಮನೆಗೆ ನುಗ್ಗಿದ್ದರು. ನಮ್ಮ ಮಕ್ಕಳು ನುಗ್ಗಲಿಲ್ಲ, ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ ನಿಂತು ಕಾದರು. ಅದೇ ನನಗೆ ಹೆಚ್ಚು ಕಷ್ಟವಾಯಿತು. ಅಂಗಿಯ ಗುಂಡಿ ಬಿಚ್ಚಿ ಜನಿವಾರ ಹೊರಗೆಳೆದೆ. ಗಂಟು ಬಿಗಿದಿತ್ತು. ಬಿಚ್ಚಲು ಆಗಲೇ ಇಲ್ಲ. ದಿನವೂ ಮಾಡುತ್ತಿದ್ದ ಹಾಗೆ ಬೀಗದ ಎತ್ತರಕ್ಕೆ ಬಗ್ಗಿ, ಬಾಗಿಲಿಗೆ ಗಲ್ಲ ಒತ್ತಿ, ಕೀಲಿಕೈ ತಿರುವಿದೆ. ದಿನವೂ ಯಾರೂ ನೋಡುವುದಿಲ್ಲ ಎಂದುಕೊಂಡಿದ್ದೆ, ಅಷ್ಟೇ ವ್ಯತ್ಯಾಸ. ಕೀಲಿಕೈ ಒಳಗೇ ಸಿಕ್ಕಿಕೊಂಡಿತು. ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ನಾನು ಬಾಗಿಲಿಗೆ ಕಟ್ಟಿಬಿದ್ದೆ.

ಕೊನೆಗೆ ಹುಲಿಗೆಮ್ಮನೇ ಮುಂದೆ ಬಂದು, “ಸ್ವಲ್ಪ ಸರೀರಿ ಸರ್ರ” ಎಂದು ಬೀಗವನ್ನು ಮೇಲೆತ್ತಿ ಹಿಡಿದು ಕೀಲಿಕೈ ತಿರುವಿದಳು. ಬಾಗಿಲು ತೆರೆಯಿತು. ಒಳಗೆ ಹೊಳೆಯುವ ಟೈಲ್ಸು, ತುಂಬಿದ ಬಕೀಟು, ಮತ್ತು ನನ್ನ ಸೋಪು.

ಒಬ್ಬೊಬ್ಬರೇ ಹುಡುಗಿಯರು ಒಳಗೆ ಇಣುಕಿ ನೋಡಿದರು. ಯಾರೂ ನಗಲಿಲ್ಲ, ನನ್ನನ್ನು ಆಡಿಕೊಳ್ಳಲೂ ಇಲ್ಲ. ನನಗೆ ನಾಚಿಕೆಯಾಯಿತು. ಜೇಬಿನಲ್ಲಿದ್ದ ನೋಟಿಸು ತೆಗೆದು ಹರಿದೆ. ಇಷ್ಟು ವರ್ಷಗಳಲ್ಲಿ ನನ್ನ ಪಾಠ ಪೂರ್ತಿಯಾಗಿ ಅರ್ಥವಾಗಿದ್ದು ಒಬ್ಬರಿಗೆ ಮಾತ್ರ, ಆ ಒಬ್ಬರು ನಾನಲ್ಲ ಎಂಬುದು ಅಲ್ಲಿ ನಿಂತಾಗ ತಿಳಿಯಿತು. ಆ ಹುಡುಗಿಯ ಧೈರ್ಯದಲ್ಲಿ ಕಾಲು ಭಾಗ ನನಗಿದ್ದರೆ ಆ ಬೀಗ ಎಂದೋ ತೆರೆಯುತ್ತಿತ್ತು.

ಹೆಡ್‌ಮಾಸ್ತರರು ಕೊನೆಯ ಅಸ್ತ್ರ ತೆಗೆದರು. “ತೊಳಿಯೋರು ಇಲ್ರಿ ಸಾಹೇಬ್ರ. ಮಕ್ಕಳ ಕೈಲೆ ತೊಳಸಂಗಿಲ್ಲ, ಕಾನೂನದ.”

“ಇಷ್ಟ ದಿನ ಯಾರು ಬಳಸ್ಯಾರ ಅವರ ತೊಳೀಲಿ ಬಿಡ್ರಿ, ಆಳು ಸಿಗೂತನಕ” ಎಂದಳು ಹುಲಿಗೆಮ್ಮ.

ಸಾಹೇಬರು ಅದನ್ನು ಹಾಗೇ ತಪಾಸಣೆ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಮಾಸ್ತರರ ಪಾಳಿ ಪಟ್ಟಿ ಗೋಡೆಗೆ ಬಂತು. ಹೆಡ್‌ಮಾಸ್ತರರಿಗೆ ಸೋಮವಾರ, ನನಗೆ ಶುಕ್ರವಾರ.

ಸುಧಾ ಫಿನೈಲ್ ಬಾಟಲಿಯನ್ನು ತಾನೇ ನನ್ನ ಚೀಲಕ್ಕೆ ಇಟ್ಟಳು. “ನಿಮಗ ಉಜ್ಜೂದು ಬರ್ತದೇನ್ರೀ? ಮನ್ಯಾಗ ಒಂದಿನಾನೂ ನೋಡಿಲ್ಲಲ್ಲ” ಎಂದಳು. ಅದೇ ವಾರದ ಭಾನುವಾರದಿಂದ ಮನೆಯಲ್ಲೂ ಒಂದು ಪಾಳಿ ಪಟ್ಟಿ ಬಂದಿದೆ. ಕ್ರಾಂತಿಯ ವಿಚಾರಗಳು ನೆರೆರಾಜ್ಯಗಳಿಗೂ ಹಬ್ಬಿದವು ಎಂದು ಪುಸ್ತಕದಲ್ಲಿ ಇರುವುದು ಸುಳ್ಳಲ್ಲ.

ಕಳೆದ ಶುಕ್ರವಾರ ಮೂಲೆಮೂಲೆ ಉಜ್ಜಿ, ಕೈಕಾಲು ತೊಳೆದು, ಬೆವರು ಒರೆಸಿಕೊಂಡು ಮಧ್ಯಾಹ್ನದ ಕ್ಲಾಸಿಗೆ ಹೋಗುವಷ್ಟರಲ್ಲಿ ಗಂಟೆ ಹೊಡೆದು ಬಹಳ ಹೊತ್ತಾಗಿತ್ತು. ಹುಡುಗಿಯರ ಸಾಲು ತುಂಬಿತ್ತು. ಹುಲಿಗೆಮ್ಮ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿ ಮುಗಿಸಿದ್ದಳು. ಎಷ್ಟು ಜನ ಇಲ್ಲ ಎಂದು ಕೇಳಿದೆ.

“ಎಲ್ಲಾರೂ ಅದೀವ್ರಿ ಸರ್ರ” ಎಂದಳು. “ಉಂಡಮ್ಯಾಲ ಬರದವರು ಇವತ್ತ ನೀವೊಬ್ಬರ.”