ಗುಳ್ಳೆಗಿಲ್ಲದ ಸಂಕೋಚ

ತನ್ನಷ್ಟಕ್ಕೆ ತಾನಿರಬೇಕು ಎನ್ನುವವರು ದೋಣಿ ಹತ್ತಬಾರದು. ನೆಲದ ಮೇಲೆ ನಾವು ಎಲ್ಲಿ ಕೂತರೂ ಭೂಮಿ ತಲೆಕೆಡಿಸಿಕೊಳ್ಳುವುದಿಲ್ಲ. ನೀರು ಹಾಗಲ್ಲ. ಎಲೆಅಡಿಕೆ ಚೀಲವನ್ನು ಬಲಗಡೆಯ ಕಿಸೆಯಿಂದ ಎಡಕ್ಕೆ ಹಾಕಿಕೊಂಡರೂ ಅದಕ್ಕೆ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಕೂಡಲೇ ಹೇಳಿಯೂ ಬಿಡುತ್ತದೆ. ಇಷ್ಟು ಸೂಕ್ಷ್ಮವಾದ ವಸ್ತುವಿನಲ್ಲಿ ನಾವು ದಿನಾ ಬಟ್ಟೆ ಒಗೆಯುತ್ತೇವಲ್ಲ ಎಂದು ನನಗೆ ಇವತ್ತಿಗೂ ಬೆರಗು.

ಆಗ ನನಗೆ ಲಿಂಗಸುಗೂರಿನ ಕಚೇರಿಯಲ್ಲಿ ಎಂಜಿನಿಯರೆಂದು ಹೊಸ ನೌಕರಿ. ಮಸ್ಕಿ ಹತ್ತಿರದ ಕೆರೆಯಲ್ಲಿ ತುಂಬಿದ ಹೂಳನ್ನು ಅಳೆಯಬೇಕಿತ್ತು. ದೋಣಿಯ ಬಲಮಗ್ಗುಲಿಗೆ ಕಟ್ಟಿದ ಯಂತ್ರ ನೀರಿನೊಳಗೆ ಶಬ್ದ ಕಳಿಸಿ ಆಳ ಹೇಳುತ್ತದೆ. ದೋಣಿ ವಾಲಿದರೆ ಓರೆಯಾಗಿ ನೋಡಿ ಸುಳ್ಳು ಹೇಳುತ್ತದೆ. ಆದ್ದರಿಂದ ದೋಣಿಯ ಎರಡೂ ಬದಿಗೆ ಒಂದೊಂದು ಬ್ಯಾರಲ್ಲು ಇಟ್ಟು, ನೀರು ತುಂಬಿ, ಮಟ್ಟ ಮಾಡಬೇಕು. ಗೌಂಡಿಗಳು ಗೋಡೆಗೆ ಹಿಡಿಯುವ ರಸಮಟ್ಟವನ್ನು ಹಲಗೆಗೆ ಅಡ್ಡಲಾಗಿ ಇಟ್ಟಿದ್ದೆ. ಒಳಗಿನ ಗುಳ್ಳೆ ನಡುವೆ ನಿಂತರೆ ಕೆಲಸ ಮುಗಿದಂತೆ. ಸಾಹೇಬರು ಮೊದಲೇ ಹೇಳಿದ್ದರು: "ಮಧ್ಯಾಹ್ನ ಬಂದು ನೋಡ್ತೀನ್ರಿ. ಮಟ್ಟ ಆಗ್ಲಿಲ್ಲಂದ್ರ ನಾಳಿಂದ ಡ್ರಾಯಿಂಗ್ ಸೆಕ್ಷನ್. ಫ್ಯಾನಿನ ಕೆಳಗ ಆರಾಮ ಕುಂದರ್ರಿ. ಹೆಣ್ಮಕ್ಕಳಿಗೆ ಯಾಕ್ರೀ ಈ ನೀರಿನ ಉಸಾಬರಿ?" ನನಗೆ ಫ್ಯಾನು ಬೇಕಿರಲಿಲ್ಲ, ಕೆರೆ ಬೇಕಿತ್ತು. ಆದರೆ "ಆಗಲಿ ಸರ್" ಎಂದಷ್ಟೇ ಹೇಳಿದೆ.

ಕೆಲಸಕ್ಕೆ ಜೊತೆಯಾದವರು ಶರಣಪ್ಪ ಮತ್ತು ಖಾಜಾಸಾಬ್. ನಾನು ಬಲಕ್ಕೆ ಕೂತೆ. ಅವರಿಬ್ಬರೂ ಎಡಗಡೆಯ ಅಂಚಿಗೆ ಹೋದರು. ದೋಣಿ ಎಡಕ್ಕೆ ವಾಲಿತು. ಗುಳ್ಳೆ ಮೇಲೆದ್ದ ಬದಿಗೆ, ನನ್ನತ್ತ, ಓಡಿಬಂತು. ನನ್ನ ಬದಿಯ ಬ್ಯಾರಲ್ಲಿಗೆ ಕೊಡಗಟ್ಟಲೆ ನೀರು ಹಾಕಿಸಿ ಸರಿಮಾಡಿದೆ. ಎಡಬದಿಯನ್ನು ನೋಡೋಣವೆಂದು ಅತ್ತ ಹೋದರೆ, ಇಬ್ಬರೂ ಎದ್ದು ಬಲಕ್ಕೆ ಹೋದರು. ಗುಳ್ಳೆ ಮತ್ತೆ ನನ್ನತ್ತಲೇ ಬಂತು. ಇಡೀ ದೋಣಿಯಲ್ಲಿ ನನ್ನ ಹತ್ತಿರ ಬರಲು ಸಂಕೋಚವಿಲ್ಲದ್ದು ಅದೊಂದೇ.

"ಬ್ಯಾರಲ್ಲು ತೂತು ಬಿದ್ದೈತೇನಲೇ ಖಾಜಾ?" ಎಂದ ಶರಣಪ್ಪ.

"ನೀ ಮುಂಜಾನಿ ತಿಂದ ರೊಟ್ಟಿ ಎಣಸು ಮೊದಲ."

ಸೂರ್ಯ ನೆತ್ತಿಗೆ ಬಂದ ಮೇಲೆ ನನಗೆ ಹೊಳೆಯಿತು: ವಾಲುತ್ತಿದ್ದದ್ದು ಮರ್ಯಾದೆಯ ಭಾರಕ್ಕೆ. ನಾನು ಬಲಕ್ಕೆ ಮರಳಿದೆ, ಅವರು ಎಡಕ್ಕೆ ಹೋದರು. ಸಮನಾಗಿ ಕೂತುಕೊಳ್ಳಿ ಎಂದೆ. ಅದೇ ಬದಿಯಲ್ಲಿ ಒಬ್ಬ ಹಿಂದೆ, ಒಬ್ಬ ಮುಂದೆ ಕೂತರು. ಕೊನೆಗೆ ನೀರು ನೋಡುತ್ತ, "ಖಾಜಾಸಾಬ್, ಈ ಕಡೆ ಬಂದು ಕೂತ್ಕೊಳ್ರಿ" ಎಂದೆ.

"ನಿಮ್ಮ ಬಾಜೂಕೇನ್ರಿ, ಮೇಡಂ?" ಎಂದು ಅವನು ಶರಣಪ್ಪನ ಮುಖ ನೋಡಿದ.

"ಹೋಗಲೇ, ಮೇಡಮ್ಮೋರೇನು ನಿನ್ನ ನುಂಗ್ತಾರೇನು?"

ಖಾಜಾಸಾಬ್ ಬಂದ. ಬುತ್ತಿಯ ಗಂಟನ್ನು ನಮ್ಮಿಬ್ಬರ ನಡುವೆ ಗೋಡೆಯಂತೆ ಇಟ್ಟು ಕೂತ. ಬಲಗಡೆಯ ಬ್ಯಾರಲ್ಲು ಬರಿದುಮಾಡಿ, ಎಡಗಡೆಯದಕ್ಕೆ ನನ್ನ ತೂಕದ ನೀರು ಹಾಕಿಸಿದೆ. ಎಷ್ಟು ಕೊಡ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಗುಳ್ಳೆ ಮೆಲ್ಲಗೆ ನಡುವೆ ಬಂದು ನಿಂತಿತು. ಮೂವರೂ ಉಸಿರು ಬಿಗಿಹಿಡಿದೆವು. ದೋಣಿಯ ಅಂಚು, ಕೆರೆಯ ನೀರು, ಆಚೆ ದಡದ ಭತ್ತದ ಹಸಿರು, ಎಲ್ಲ ಒಂದೇ ಗೆರೆಯಲ್ಲಿದ್ದವು. ಇಷ್ಟು ದೊಡ್ಡ ಲೋಕ ಇಷ್ಟು ಸಣ್ಣ ಗುಳ್ಳೆಯ ಮಾತು ಕೇಳುತ್ತದೆಯೆಂದು ನಾನು ತಿಳಿದಿರಲಿಲ್ಲ. ಶರಣಪ್ಪ ಗುಡಿಯಲ್ಲಿ ನಿಂತವನಂತೆ ತಲೆಯ ರುಮಾಲು ತೆಗೆದ.

ಅಷ್ಟರಲ್ಲಿ ಜೀಪು ಬಂತು. ಇಬ್ಬರಾಳಿನ ತೂಕದ ಸಾಹೇಬರು ದೋಣಿಗೆ ಇಳಿದು, ಯಂತ್ರ ನೋಡಲೆಂದು ಬಲಗಡೆ ಕೂತರು. ಕೂತವರೇ ರಸಮಟ್ಟಕ್ಕೆ ಬಗ್ಗಿದರು. ಗುಳ್ಳೆ ಸರ್ರನೆ ಅವರತ್ತ ಓಡಿತು.

"ಏನ್ರೀ ಇದು?"

ನನಗೂ ಅರ್ಥವಾಗಲಿಲ್ಲ. ಶರಣಪ್ಪ ನನ್ನ ಕಿವಿಯ ಹತ್ತಿರವೇ ಪಿಸುಗುಟ್ಟಿದ: "ಮೇಡಂ, ನೀವ್ಯಾಕ್ರೀ ಈ ಕಡಿ ಬಂದ್ರಿ?"

ನೋಡಿದರೆ ಖಾಜಾಸಾಬನಷ್ಟೇ ಅಲ್ಲ, ನಾನೂ ಬಲಗಡೆ ಬಿಟ್ಟು ಎಡಗಡೆಯ ಅಂಚಿನಲ್ಲಿ, ಅವರಿಬ್ಬರ ನಡುವೆ ಸೆರಗು ಹೊದ್ದು ಮುದುಡಿ ಕೂತಿದ್ದೆ. ಯಾವಾಗ ಎದ್ದೆನೋ ನನಗೇ ತಿಳಿಯದು. ತಿರುಗಿ ಹೋಗಿ ಸಾಹೇಬರ ಪಕ್ಕ ಕೂತೆ. ಗುಳ್ಳೆ ನಡುವೆ ಬಂತು. ಸಾಹೇಬರು "ಹೂಂ" ಎಂದರು. ಕೆರೆ ನನಗೇ ಉಳಿಯಿತು.

ಸಾಹೇಬರಿಗೂ ನನಗೂ ನಡುವೆ ನನ್ನ ವ್ಯಾನಿಟಿ ಬ್ಯಾಗು ನೆಟ್ಟಗೆ ನಿಂತಿತ್ತು. ಅದನ್ನು ಅಲ್ಲಿಟ್ಟದ್ದು ಯಾರೆಂದು ಖಾಜಾಸಾಬ್ ಕೇಳಲಿಲ್ಲ. ತನ್ನ ಬುತ್ತಿಯ ಗಂಟನ್ನು ಒಮ್ಮೆ ನೋಡಿಕೊಂಡ, ಅಷ್ಟೆ.